ಹೊಸ ಲ್ಯಾಪ್‌ಟಾಪಿನಲ್ಲಿ ಮೊದಲು ಕನ್ನಡ

ಅಭ್ಯಾಸ ಬೋಧನೆಗೆ ಹೊರಡುವ ಮುನ್ನ ನಮ್ಮಲ್ಲಿ ಹಲವರು ಹೊಸ ಲ್ಯಾಪ್‌ಟಾಪ್ ಕೊಳ್ಳುತ್ತೇವೆ. ಪಾಸ್‌ವರ್ಡ್, ವೈಫೈ ಆದ ಕೂಡಲೇ ಸ್ಲೈಡ್ ತಯಾರಿಗೆ ಇಳಿಯುತ್ತೇವೆ. ಅದಕ್ಕೂ ಮೊದಲು ಕನ್ನಡ ಕೀಲಿಮಣೆ ಸಿದ್ಧಪಡಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಕನ್ನಡ ಮಾಧ್ಯಮದಲ್ಲಿ ಗಣಿತ, ವಿಜ್ಞಾನ ಬೋಧಿಸುವವರಿಗೂ ಈ ಮಾತು ಅನ್ವಯಿಸುತ್ತದೆ.

ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಸಿಗುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸ ರೂಢಿಯಿರುವವರು ಕನ್ನಡ ಗಣಕ ಪರಿಷತ್ತಿನ ‘ನುಡಿ’ ಹಾಕಿಕೊಳ್ಳಬಹುದು. ಯಾವುದಾದರೂ ಸರಿ, ಬರಹ ಯೂನಿಕೋಡ್‌ನಲ್ಲಿರಲಿ. ಬನಶಂಕರಿಯ ಮನೆಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಪಾಠ, ಆ ಫಾಂಟ್ ಇಲ್ಲದ ಜಯನಗರದ ಶಾಲೆಯ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. 40 ನಿಮಿಷದ ಪಿರಿಯಡ್‌ನಲ್ಲಿ 10 ನಿಮಿಷ ಅದಕ್ಕೇ ಹೋದರೆ ನಷ್ಟ ಮಕ್ಕಳದು.

ಇನ್ನೊಂದು ಲಾಭ ಒತ್ತಕ್ಷರದ್ದು. ‘ಸೂರ್ಯ’ ಎಂದು ಬರೆಯುವಾಗ ಅರ್ಕಾವತ್ತು ಯಕಾರದ ನಂತರ ಬರುತ್ತದೆ, ಉಚ್ಚಾರದಲ್ಲಿ ಮಾತ್ರ ಮೊದಲು. ಮಕ್ಕಳು ಎಡವುವುದು ಇಲ್ಲೇ. ಕೀಲಿಮಣೆಯಲ್ಲಿ ಉಚ್ಚಾರದ ಕ್ರಮದಲ್ಲೇ ಒತ್ತಬೇಕು: ಮೊದಲು ರ, ಬಳಿಕ ಹಲಂತ, ಆಮೇಲೆ ಯ. ನುಡಿಯಲ್ಲಿ ಹಲಂತಕ್ಕೆ ಎಫ್ ಕೀಲಿ. ಮಕ್ಕಳನ್ನೇ ಕರೆದು ಒತ್ತಿಸಿದರೆ ಯಾವ ಧ್ವನಿ ಮೊದಲು ಎಂಬುದು ಬೆರಳಿಗೇ ತಿಳಿಯುತ್ತದೆ.

ತರಗತಿಗೆ ಒಂದೇ ಲ್ಯಾಪ್‌ಟಾಪ್ ಇದ್ದರೂ ಪ್ರತಿ ಮಗು ಒಮ್ಮೆ ತನ್ನ ಹೆಸರನ್ನು ಕನ್ನಡದಲ್ಲಿ ಟೈಪಿಸಲಿ. ಕಂಪ್ಯೂಟರ್ ಇಂಗ್ಲಿಷ್ ಬಲ್ಲವರದ್ದು ಎಂಬ ಭಾವನೆ ಚಿಕ್ಕ ವಯಸ್ಸಿನಲ್ಲೇ ಬೇರೂರುತ್ತದೆ. ಅದನ್ನು ಕೀಳಬೇಕಾದವರು ನಾವೇ. ಹಾಗೆ ಮಾಡಿದಾಗಲೇ ಪಾಠ ಯೋಜನೆಯ ಕಲಿಕೋಪಕರಣದ ಕಲಂನಲ್ಲಿ ‘ಲ್ಯಾಪ್‌ಟಾಪ್’ ಎಂದು ಬರೆದದ್ದಕ್ಕೆ ಅರ್ಥ.