ವಿಪತ್ತಿಗೆ ಕೋವಿ ಉತ್ತರವೇ?

2020ರ ಮಾರ್ಚ್ ತಿಂಗಳಲ್ಲಿ ಕೊರೋನಾದ ಭೀತಿ ಜಗತ್ತನ್ನು ಆವರಿಸಿದಾಗ ನಮ್ಮ ಪಟ್ಟಣಗಳ ಜನರು ಅಕ್ಕಿ, ಬೇಳೆ, ಎಣ್ಣೆಗಾಗಿ ಅಂಗಡಿಗಳ ಮುಂದೆ ಸಾಲು ನಿಂತರು. ಅದೇ ತಿಂಗಳಲ್ಲಿ ಅಮೇರಿಕದ ಜನರು ಬಂದೂಕಿನ ಅಂಗಡಿಗಳ ಮುಂದೆ ಸಾಲು ನಿಂತರು. ಬಂದೂಕು ಖರೀದಿಗೆ ಸಂಬಂಧಿಸಿ ಅಲ್ಲಿನ ಎಫ್‌ಬಿಐ ನಡೆಸುವ ಹಿನ್ನೆಲೆ ತಪಾಸಣೆಗಳ ಸಂಖ್ಯೆ ಆ ಒಂದೇ ತಿಂಗಳಲ್ಲಿ 37 ಲಕ್ಷವನ್ನು ದಾಟಿತ್ತು. ವೈರಾಣುವಿಗೆ ಗುಂಡು ತಾಗುವುದಿಲ್ಲ ಎಂಬುದು ಆ ಜನರಿಗೆ ತಿಳಿದಿರಲಿಲ್ಲವೇ? ಖಂಡಿತ ತಿಳಿದಿತ್ತು. ಅವರು ಹೆದರಿದ್ದು ವೈರಾಣುವಿಗಿಂತ ಹೆಚ್ಚಾಗಿ ನೆರೆಮನೆಯವನಿಗೆ. ಅಂಗಡಿಗಳು ಬರಿದಾದರೆ, ಪೊಲೀಸರು ಬಾರದಿದ್ದರೆ, ಪಕ್ಕದ ಬೀದಿಯವನು ನಮ್ಮ ಬಾಗಿಲಿಗೆ ನುಗ್ಗಿದರೆ ಎಂಬ ಭಯವೇ ಆ ಸಾಲನ್ನು ಉದ್ದವಾಗಿಸಿತು.

ಈ ಭಯದ ಸುತ್ತ ಅಲ್ಲಿ ದೊಡ್ಡದೊಂದು ವ್ಯಾಪಾರವೇ ಬೆಳೆದು ನಿಂತಿದೆ. ಭೂಕಂಪಕ್ಕೆ ಯಾವ ಕೋವಿ, ಚಂಡಮಾರುತಕ್ಕೆ ಯಾವುದು, ಎಷ್ಟು ತೋಟಾ ಸಂಗ್ರಹಿಸಿಡಬೇಕು, ನಳಿಗೆಗೆ ಯಾವ ಟಾರ್ಚ್ ಜೋಡಿಸಬೇಕು ಎಂದು ಉಪದೇಶಿಸುವವರಿಗೆ ಅಲ್ಲಿ ಬರವಿಲ್ಲ. ಆ ಉಪದೇಶಗಳೀಗ ಮೊಬೈಲಿನ ಮೂಲಕ ನಮ್ಮ ಮನೆಯ ಹುಡುಗರ ಕೈಗೂ ತಲುಪಿವೆ. 'ಕೆಟ್ಟ ಕಾಲಕ್ಕೆ ಮನೆಯಲ್ಲಿ ಒಂದು ಇದ್ದರೆ ತಪ್ಪೇನು?' ಎಂಬ ಪ್ರಶ್ನೆ ಪಟ್ಟಣದ ಓದಿದ ಯುವಕರ ಬಾಯಲ್ಲೂ ಕೇಳಿಬರುತ್ತಿದೆ. ಪ್ರಶ್ನೆಯನ್ನು ಗದರಿಸಿ ಅಡಗಿಸುವುದರಿಂದ ಪ್ರಯೋಜನವಿಲ್ಲ. ಉತ್ತರಿಸಬೇಕು.

ಮೊದಲು ಕಾನೂನನ್ನು ನೋಡೋಣ. ಅಮೇರಿಕದಲ್ಲಿ ಬಂದೂಕು ಹೊಂದುವುದು ಸಂವಿಧಾನದತ್ತ ಹಕ್ಕು. ನಮ್ಮಲ್ಲಿ ಹಾಗಿಲ್ಲ. 2023ರ ಫೆಬ್ರವರಿಯಲ್ಲಿ ಸುಪ್ರೀಮ್ ಕೋರ್ಟ್ ಪರವಾನಗಿಯಿಲ್ಲದ ಶಸ್ತ್ರಗಳ ಹಾವಳಿಯ ಬಗ್ಗೆ ಕಳವಳ ವ್ಯಕ್ತಪಡಿಸುತ್ತಾ ಈ ವ್ಯತ್ಯಾಸವನ್ನು ಎತ್ತಿ ಹೇಳಿತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ಬೇಕಾದವರು ಪರವಾನಗಿ ಪಡೆಯಬೇಕು. ಪೊಲೀಸ್ ವರದಿ ಬೇಕು, ಕಾರಣ ಹೇಳಬೇಕು, 21 ವರ್ಷ ತುಂಬಿರಬೇಕು. 2016ರ ನಿಯಮಗಳು ಸುರಕ್ಷಿತ ಬಳಕೆಯ ತರಬೇತಿಯನ್ನೂ ಕಡ್ಡಾಯಗೊಳಿಸಿವೆ. 2019ರ ತಿದ್ದುಪಡಿಯು ಒಬ್ಬ ವ್ಯಕ್ತಿ ಹೊಂದಬಹುದಾದ ಶಸ್ತ್ರಗಳನ್ನು ಮೂರರಿಂದ ಎರಡಕ್ಕೆ ಇಳಿಸಿದೆ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಂಡವರಿಗೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸೆರೆವಾಸವನ್ನು ವಿಧಿಸಿದೆ. ಇನ್ನು, ಚುನಾವಣೆ ಘೋಷಣೆಯಾದರೆ ಪರವಾನಗಿಯ ಕೋವಿಯನ್ನೂ ಠಾಣೆಗೆ ಒಪ್ಪಿಸುವಂತೆ ಜಿಲ್ಲಾಡಳಿತ ಆದೇಶ ಹೊರಡಿಸುತ್ತದೆ. ಅಂದರೆ ಊರಿನಲ್ಲಿ ಬಿಸಿ ಏರುವ ದಿನಗಳಲ್ಲೇ ಕೋವಿ ಮನೆಯಲ್ಲಿರುವುದಿಲ್ಲ. 'ಕೆಟ್ಟ ಕಾಲಕ್ಕೆಂದು' ಸಾವಿರಾರು ರೂಪಾಯಿ ಸುರಿದು ತಂದ ವಸ್ತುವಿನ ಗತಿ ಇದು.

ಅಷ್ಟಕ್ಕೂ ಮನೆಮನೆಯಲ್ಲಿ ಕೋವಿ ಇದ್ದರೆ ವಿಪತ್ತಿನಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯಲು ನಾವು ಅಮೇರಿಕಕ್ಕೆ ಹೋಗಬೇಕಾಗಿಲ್ಲ. ನಮ್ಮದೇ ಕೊಡಗು ಇದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಎತ್ತಿಹಿಡಿಯಿತು. ಕೋವಿ ಅವರಿಗೆ ಸಂಸ್ಕೃತಿಯ ಭಾಗ. ಕೈಲ್‌ಪೊಳ್ದ್ ಹಬ್ಬದಂದು ಅದಕ್ಕೆ ಪೂಜೆ ಸಲ್ಲುತ್ತದೆ. ಕಾರ್ಯಪ್ಪ, ತಿಮ್ಮಯ್ಯರಂಥ ಸೇನಾನಿಗಳನ್ನು ಕೊಟ್ಟ ನಾಡು ಅದು. ಆ ಹಕ್ಕಿನ ಬಗ್ಗೆ ಇಲ್ಲಿ ತಕರಾರಿಲ್ಲ. ಆದರೆ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಬೆಟ್ಟಗಳು ಕುಸಿದು ಕೆಳಗಿಳಿದಾಗ ಆ ಮನೆಗಳ ಗೋಡೆಯಲ್ಲಿ ತೂಗುತ್ತಿದ್ದ ಕೋವಿ ಯಾರ ನೆರವಿಗೆ ಬಂತು? ನೆರವಿಗೆ ಬಂದದ್ದು ಹಗ್ಗ, ಜೀಪು, ಗುದ್ದಲಿ ಮತ್ತು ದಾರಿ ಬಲ್ಲ ಯುವಕರು. ಸೈನಿಕರು ಬಂದರು, ಎನ್‌ಡಿಆರ್‌ಎಫ್ ಬಂತು. ಅವರ ಕೈಯಲ್ಲೂ ಅಂದು ಇದ್ದದ್ದು ಹಗ್ಗ ಮತ್ತು ಸ್ಟ್ರೆಚರ್. ನಿರಾಶ್ರಿತರಾದ ಸಾವಿರಾರು ಮಂದಿಗೆ ಪರಿಹಾರ ಕೇಂದ್ರಗಳು ತೆರೆದುಕೊಂಡವು. ಅಲ್ಲಿ ಒಲೆ ಹೊತ್ತಿಸಿದವರ ಜಾತಿ, ಧರ್ಮವನ್ನು ಉಣ್ಣುವವರು ಕೇಳಲಿಲ್ಲ.

ಮರುವರ್ಷ, 2019ರ ಆಗಸ್ಟ್‌ನಲ್ಲಿ, ಕೇರಳದ ಮಲಪ್ಪುರಂ ಜಿಲ್ಲೆಯ ಕವಳಪ್ಪಾರದಲ್ಲಿ ಗುಡ್ಡ ಕುಸಿದು 59 ಮಂದಿ ಮಣ್ಣಿನಡಿ ಸೇರಿದರು. ಶವಗಳನ್ನು ದೂರದ ಆಸ್ಪತ್ರೆಗೆ ಒಯ್ಯಲು ಸಾಧ್ಯವಿರಲಿಲ್ಲ. ಪೋತುಕಲ್ಲಿನ ಮಸೀದಿಯು ತನ್ನ ನಮಾಝಿನ ಸಭಾಂಗಣವನ್ನೇ ಮರಣೋತ್ತರ ಪರೀಕ್ಷೆಗೆ ಬಿಟ್ಟುಕೊಟ್ಟಿತು. ಹಿಂದೂ, ಮುಸ್ಲಿಮ್, ಕ್ರೈಸ್ತ ಎಂಬ ಭೇದವಿಲ್ಲದೆ ಮೃತದೇಹಗಳನ್ನು ಅಲ್ಲಿ ತೊಳೆಯಲಾಯಿತು. ವಿಪತ್ತಿನ ಸಿದ್ಧತೆ ಎಂದರೆ ಇದು. ಬಾಗಿಲು ತೆರೆಯಲು ಸಿದ್ಧವಾಗಿರುವುದು.

ಇದಕ್ಕೆ ವಿರುದ್ಧವಾದ ಚಿತ್ರವನ್ನೂ ನೋಡಬೇಕು. 2005ರ ಆಗಸ್ಟ್ ಕೊನೆಯಲ್ಲಿ ಕಟ್ರೀನಾ ಚಂಡಮಾರುತವು ಅಮೇರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತು. ಲೂಟಿ ನಡೆಯುತ್ತಿದೆ, ಕೊಲೆಗಡುಕರು ಬೀದಿಗಿಳಿದಿದ್ದಾರೆ ಎಂಬ ವದಂತಿ ಹಬ್ಬಿತು. ಅದರಲ್ಲಿ ಬಹುಪಾಲು ಉತ್ಪ್ರೇಕ್ಷೆಯೆಂಬುದು ಬಳಿಕ ಬಯಲಾಯಿತು. ಆದರೆ ಅಷ್ಟರಲ್ಲಿ ಅಲ್ಜಿಯರ್ಸ್ ಪಾಯಿಂಟ್ ಎಂಬ ಬಡಾವಣೆಯ ಕೆಲವು ಬಿಳಿಯರು ಕೋವಿ ಹಿಡಿದು ಬೀದಿ ಕಾವಲಿಗೆ ನಿಂತಿದ್ದರು. ನೀರಿನಿಂದ ಪಾರಾಗಿ ಆಶ್ರಯ ಹುಡುಕುತ್ತಾ ಆ ದಾರಿಯಲ್ಲಿ ಬಂದ ಕರಿಯ ಯುವಕರ ಮೇಲೆ ಗುಂಡು ಹಾರಿತು. ಡ್ಯಾಂಜಿಗರ್ ಸೇತುವೆಯ ಮೇಲೆ ಪೊಲೀಸರೇ ನಿರಾಯುಧ ಜನರ ಮೇಲೆ ಗುಂಡು ಹಾರಿಸಿ ಇಬ್ಬರನ್ನು ಕೊಂದರು. ನೆರೆಗೆ ಸಿಕ್ಕವರನ್ನು ನೆರೆಯವರೇ ಬೇಟೆಯಾಡಿದ ಕಥೆಯಿದು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೋವಿ ಹಿಡಿದವರು ತಾವು 'ಸಿದ್ಧತೆ' ಮಾಡಿಕೊಂಡಿದ್ದೇವೆ, 'ಆತ್ಮರಕ್ಷಣೆ'ಗೆ ನಿಂತಿದ್ದೇವೆ ಎಂದೇ ತಿಳಿದಿದ್ದರು. ಕೋವಿ ಹಿಡಿದು ಕಾಯುವ ಮನುಷ್ಯನಿಗೆ ಎದುರಿಗೆ ಬರುವ ಪ್ರತಿಯೊಬ್ಬನೂ ಕಳ್ಳನಂತೆ ಕಾಣುತ್ತಾನೆ. ಆ ಕಳ್ಳ ಯಾವ ಬಣ್ಣದವನು, ಯಾವ ಧರ್ಮದವನು ಎಂಬುದನ್ನು ಅವನ ಮನಸ್ಸಿನ ಪೂರ್ವಗ್ರಹ ಮೊದಲೇ ನಿರ್ಧರಿಸಿರುತ್ತದೆ. ಅಲ್ಪಸಂಖ್ಯಾತರಾದ ನಾವು ಈ ಪಾಠವನ್ನು ಎರಡು ಸಲ ಓದಬೇಕು.

ಇನ್ನು ಬಯಲುಸೀಮೆಗೆ ಬರೋಣ. ಚಳ್ಳಕೆರೆ ತಾಲ್ಲೂಕಿನಲ್ಲಿ, ನಾಯಕನಹಟ್ಟಿಯ ಹಾದಿಯಲ್ಲಿ ಕುದಾಪುರವೆಂಬ ಊರಿದೆ. ಶಸ್ತ್ರಕ್ಕೂ ವಿಪತ್ತಿಗೂ ಇರುವ ಸಂಬಂಧವನ್ನು ಅರಿಯಲು ಇದಕ್ಕಿಂತ ಉತ್ತಮ ಸ್ಥಳ ಸಿಗಲಾರದು. ಇದು ಅಮೃತಮಹಲ್ ಕಾವಲುಗಳ ಸೀಮೆ. ಮೈಸೂರು ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಅಮೃತಮಹಲ್ ಎಂಬ ಹೆಸರಿಟ್ಟವನು ಟಿಪ್ಪು ಸುಲ್ತಾನ್. ಹೈದರ್ ಮತ್ತು ಟಿಪ್ಪುವಿನ ಸೇನೆಯ ಫಿರಂಗಿಗಳನ್ನೂ ಸರಂಜಾಮನ್ನೂ ಎಳೆದದ್ದು ಈ ತಳಿಯ ಎತ್ತುಗಳು. ಅವು ಮೇಯಲೆಂದೇ ಕಾವಲುಗಳನ್ನು ಕಾದಿರಿಸಲಾಗಿತ್ತು. ಅಂದರೆ ಈ ಹುಲ್ಲುಗಾವಲು ಅಂದಿನ ಕಾಲಕ್ಕೆ ರಾಜ್ಯದ ಶಸ್ತ್ರಾಗಾರದ ಒಂದು ಭಾಗವೇ ಆಗಿತ್ತು. ರಾಜರು ಹೋದರು, ಯುದ್ಧಗಳು ಮುಗಿದವು. ಹುಲ್ಲು ಉಳಿಯಿತು. ಅದನ್ನು ನಂಬಿ ಕುರಿಗಾರರು, ಕಂಬಳಿ ನೇಯುವವರು, ದನ ಸಾಕುವವರು ಬದುಕಿದರು. ಚಳ್ಳಕೆರೆಯ ಕಂಬಳಿಗೆ ನಾಡಿನಲ್ಲಿ ಹೆಸರು ಬಂದದ್ದು ಈ ಹುಲ್ಲಿನಿಂದ.

2000ದ ದಶಕದ ಕೊನೆಯಲ್ಲಿ ಸರಕಾರವು ಈ ಕಾವಲುಗಳ ಸಾವಿರಾರು ಎಕರೆ ಭೂಮಿಯನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ನೀಡಿತು. ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆ, ಡಿಆರ್‌ಡಿಒಗೆ 4 ಸಾವಿರ ಎಕರೆಗೂ ಹೆಚ್ಚು; ಬಾರ್ಕ್ ಮತ್ತು ಇಸ್ರೊಗಳಿಗೂ ಪಾಲು ದೊರೆಯಿತು. 2017ರಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಪೈಲಟ್ ಇಲ್ಲದ ವಿಮಾನಗಳು ಅಲ್ಲಿ ಹಾರುತ್ತಿವೆ. ದೇಶಕ್ಕೆ ರಕ್ಷಣೆ ಬೇಕು, ವಿಜ್ಞಾನ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗ್ರಾಮೀಣ ಶಾಲೆಗಳ ವಿಜ್ಞಾನ ಶಿಕ್ಷಕರಿಗೆ ನೀಡಲಾಗುತ್ತಿರುವ ತರಬೇತಿಯಂತೂ ಅಭಿನಂದನಾರ್ಹ. ಆದರೆ ಗೋಡೆ ಎದ್ದ ಬಳಿಕ ಹುಲ್ಲು ಒಳಗಾಯಿತು, ಕುರಿ ಹೊರಗಾಯಿತು. ಹಳ್ಳಿಗರು ಬೀದಿಗಿಳಿದರು. ವಿವಾದ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ನಿಜವಾದ ವಿಪತ್ತು ಯಾವುದು? ಬರ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ಸೀಮೆಯಿದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ಬಯಲುಸೀಮೆಯ ಜನರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 2022ರ ಸೆಪ್ಟೆಂಬರ್‌ನಲ್ಲಿ, ಹಿರಿಯೂರಿನ ವಾಣಿವಿಲಾಸ ಸಾಗರವು 1933ರ ನಂತರ ಮೊದಲ ಬಾರಿಗೆ ಕೋಡಿ ಹರಿದಿತ್ತು. ಒಂದು ವರ್ಷ ನೀರು ಉಕ್ಕುತ್ತದೆ, ಮರುವರ್ಷ ನೆಲ ಬಿರಿಯುತ್ತದೆ. ಈ ಎರಡರಲ್ಲಿ ಯಾವುದನ್ನು ಕೋವಿಯಿಂದ ಎದುರಿಸಲು ಸಾಧ್ಯ? ಈ ನೆಲದ ಹಿರಿಯರು ಎದುರಿಸಿದ ಬಗೆ ಬೇರೆಯಿತ್ತು. ಅವರು ಕಾವಲನ್ನು ಉಳಿಸಿದರು, ಕೆರೆ ಕಟ್ಟಿದರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನರು ಇಂದಿಗೂ ನೆನೆಯುವುದು ಕೆರೆ ಕಟ್ಟಿಸಿದ ಪುಣ್ಯಪುರುಷನೆಂದು. ಕೆರೆಗೆ ಜಾತಿಯಿಲ್ಲ. ಅದು ತುಂಬಿದರೆ ಎಲ್ಲರ ಬಾವಿಗೂ ನೀರು ಬರುತ್ತದೆ. ಕೋವಿಯಾದರೋ ಅದನ್ನು ಹಿಡಿದವನ ಬಾಗಿಲನ್ನಷ್ಟೇ ಕಾಯುತ್ತದೆ.

ಇಷ್ಟಾಗಿಯೂ ಒಂದು ಪ್ರಶ್ನೆ ಉಳಿಯುತ್ತದೆ. ನಮ್ಮ ಯುವಕರು ಹೆದರುವುದು ಬರಕ್ಕೋ ಭೂಕುಸಿತಕ್ಕೋ ಅಲ್ಲ, ಗಲಭೆಗೆ. ಆ ಭಯ ಕಾಲ್ಪನಿಕವೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ. 2022ರ ಮೇ ತಿಂಗಳಲ್ಲಿ ಕೊಡಗಿನ ಪೊನ್ನಂಪೇಟೆಯ ಶಿಕ್ಷಣ ಸಂಸ್ಥೆಯೊಂದರಲ್ಲಿ ಬಜರಂಗದಳದ ಕಾರ್ಯಕರ್ತರಿಗೆ ಏರ್‌ಗನ್ ತರಬೇತಿ ನೀಡಿದ ಚಿತ್ರಗಳು ಪ್ರಕಟವಾದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಶಿವಮೊಗ್ಗದ ವೇದಿಕೆಯೊಂದರಿಂದ ಭೋಪಾಲದ ಆಗಿನ ಸಂಸದೆಯೊಬ್ಬರು ಮನೆಯ ತರಕಾರಿ ಚಾಕುಗಳನ್ನಾದರೂ ಹರಿತವಾಗಿಡಿ ಎಂದು ಕರೆ ನೀಡಿದರು. ಇದಕ್ಕೆಲ್ಲ ಬಳಸಿದ ಪದ 'ಆತ್ಮರಕ್ಷಣೆ'. ಹಾಗಾದರೆ ನಾವೂ ಅದೇ ಪದದ ಹಿಂದೆ ಓಡಬೇಕೇ?

ಕಾನೂನು ಪ್ರತಿಯೊಬ್ಬ ನಾಗರಿಕನಿಗೂ ಸ್ವರಕ್ಷಣೆಯ ಹಕ್ಕನ್ನು ನೀಡಿದೆ, ನಿಜ. ಆದರೆ ದಾಳಿಯ ಕ್ಷಣದಲ್ಲಿ ಪ್ರಾಣ ಉಳಿಸಿಕೊಳ್ಳುವ ಹಕ್ಕು ಬೇರೆ, ಮನೆಯಲ್ಲಿ ಕಳ್ಳಶಸ್ತ್ರ ಬಚ್ಚಿಡುವುದು ಬೇರೆ. ಮುಸ್ಲಿಮ್ ಮನೆಯೊಂದರಲ್ಲಿ ಸಿಕ್ಕ ಒಂದೇ ಒಂದು ನಾಡಪಿಸ್ತೂಲು ಇಡೀ ಊರಿನ ಮುಸ್ಲಿಮರನ್ನು ಆರೋಪಿಗಳನ್ನಾಗಿಸಬಲ್ಲದು. ಹುಡುಗ ಜೈಲು ಸೇರುತ್ತಾನೆ, ತಾಯಿ ನ್ಯಾಯಾಲಯದ ಮೆಟ್ಟಿಲು ಸವೆಸುತ್ತಾಳೆ, ತಂಗಿಯ ಮದುವೆ ನಿಲ್ಲುತ್ತದೆ. ಇದು ರಕ್ಷಣೆಯೇ? ಅಲ್ಲದೆ, ಪರವಾನಗಿಯ ಕೋವಿಯೂ ಮನೆಯೊಳಗೆ ನಿರುಪದ್ರವಿಯಲ್ಲ. ಅಮೇರಿಕದಲ್ಲಿ 2020ರಿಂದೀಚೆಗೆ ಮಕ್ಕಳ ಮತ್ತು ಹದಿಹರೆಯದವರ ಸಾವಿಗೆ ಬಂದೂಕೇ ಪ್ರಥಮ ಕಾರಣ. ಕಳ್ಳನಿಗಾಗಿ ತಂದ ತೋಟಾ ಕೊನೆಗೆ ಮನೆಯ ಮಗುವನ್ನೇ ಹುಡುಕಿಕೊಂಡಿತು.

2020ರ ಆಗಸ್ಟ್ 11ರ ರಾತ್ರಿಯನ್ನು ನೆನಪಿಸಿಕೊಳ್ಳಿ. ಪ್ರವಾದಿ ನಿಂದನೆಯ ಬರಹವೊಂದರ ವಿರುದ್ಧ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಸೇರಿದ ಗುಂಪು ಬೆಂಕಿ ಹಚ್ಚಿತು. ಪೊಲೀಸರ ಗುಂಡಿಗೆ ಯುವಕರು ಬಲಿಯಾದರು, ನೂರಾರು ಮಂದಿ ಬಂಧಿತರಾದರು, ಅನೇಕರ ಮೇಲೆ ಯುಎಪಿಎ ಬಿತ್ತು. ಅದೇ ರಾತ್ರಿ ಅದೇ ಪ್ರದೇಶದಲ್ಲಿ ಮುಸ್ಲಿಮ್ ಯುವಕರು ಕೈಕೈ ಹಿಡಿದು ದೇವಸ್ಥಾನವೊಂದರ ಸುತ್ತ ಮಾನವ ಸರಪಳಿ ರಚಿಸಿ ಕಾದರು. ಸಮುದಾಯದ ಮಾನ ಉಳಿಸಿದವರು ಬರಿಗೈಯವರೇ ಹೊರತು ಬೆಂಕಿ ಹಿಡಿದವರಲ್ಲ.

ಆದ್ದರಿಂದ ಸಿದ್ಧತೆ ಬೇಡವೆಂದಲ್ಲ. ಸಿದ್ಧತೆ ಬೇಕು, ಅದು ಸರಿಯಾದ ದಿಕ್ಕಿನಲ್ಲಿರಬೇಕು. ಪ್ರತಿ ಮನೆಯಲ್ಲಿ ಮೂರು ದಿನಕ್ಕಾಗುವಷ್ಟು ಕುಡಿಯುವ ನೀರು ಮತ್ತು ಒಣ ಆಹಾರವಿರಲಿ. ಟಾರ್ಚ್, ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹಿರಿಯರು ನಿತ್ಯ ಸೇವಿಸುವ ಮಾತ್ರೆಗಳು ಒಂದೇ ಕಡೆ ಇರಲಿ. ಆಧಾರ್, ಪಡಿತರ ಚೀಟಿ, ಜನನ ಪತ್ರ, ಜಮೀನಿನ ಪಹಣಿ, ಮಕ್ಕಳ ಅಂಕಪಟ್ಟಿ ಇವುಗಳ ಪ್ರತಿಗಳನ್ನು ನೀರು ತಾಗದ ಚೀಲದಲ್ಲಿಟ್ಟು, ಇನ್ನೊಂದು ಪ್ರತಿಯನ್ನು ಬೇರೆ ಊರಿನ ಸಂಬಂಧಿಕರ ಬಳಿ ಇಡಿ. ನೆರೆಯಿರಲಿ, ಬೆಂಕಿಯಿರಲಿ, ಪರಿಹಾರ ಕೇಳಲು ಮೊದಲು ಬೇಕಾಗುವುದು ಕಾಗದ. ತುರ್ತು ಸಂಖ್ಯೆ 112 ಮತ್ತು ಆಂಬುಲೆನ್ಸಿನ 108 ಮನೆಯ ಮಗುವಿಗೂ ಬಾಯಿಪಾಠವಾಗಿರಲಿ.

ಯುವಕರ ಕೈಗೆ ಕೆಲಸ ಬೇಕಿದ್ದರೆ ಅದೂ ಇದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 'ಆಪದ ಮಿತ್ರ' ಯೋಜನೆಯಡಿ ದೇಶದ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರಿಗೆ ತರಬೇತಿ ನೀಡುವ ಗುರಿ ಇಟ್ಟುಕೊಂಡಿತು. 2005ರ ಕಾಯ್ದೆಯಂತೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ವಿಪತ್ತು ನಿರ್ವಹಣಾ ಪ್ರಾಧಿಕಾರವಿದೆ. ಅಲ್ಲಿಗೆ ಹೋಗಿ ವಿಚಾರಿಸಿದ ಜಮಾಅತ್‌ಗಳೆಷ್ಟು? ಪ್ರತಿ ಮೊಹಲ್ಲಾದಿಂದ ಹತ್ತು ಹುಡುಗರು, ಹತ್ತು ಹುಡುಗಿಯರು ಈಜು, ಪ್ರಥಮ ಚಿಕಿತ್ಸೆ, ಬೆಂಕಿ ನಂದಿಸುವ ವಿಧಾನ ಕಲಿಯಲಿ. ಆ ಪಟ್ಟಿಯಲ್ಲಿ ಪಕ್ಕದ ಕೇರಿಯ ಹೆಸರುಗಳೂ ಇರಲಿ. ಗಲಭೆಯ ವದಂತಿ ಹಬ್ಬಿದ ರಾತ್ರಿ 'ಅದು ಸುಳ್ಳು' ಎಂದು ಆ ಕಡೆಯಿಂದ ಹೇಳಬಲ್ಲ ಒಬ್ಬ ಗೆಳೆಯನ ಫೋನ್ ಸಂಖ್ಯೆ, ನೂರು ತೋಟಾಗಳಿಗಿಂತ ಹೆಚ್ಚು ಬಾಳುತ್ತದೆ.

ಇನ್ನು ಜೀವ, ಆಸ್ತಿಯ ರಕ್ಷಣೆ ಸರಕಾರದ ಹೊಣೆ. ಕೋವಿ ಖರೀದಿಸುವುದೆಂದರೆ ಆ ಹೊಣೆಯಿಂದ ಸರಕಾರವನ್ನು ಬಿಡುಗಡೆಗೊಳಿಸಿದಂತೆ. ನಾವು ಬಿಡುಗಡೆಗೊಳಿಸಬಾರದು. ದೂರು ದಾಖಲಿಸಬೇಕು, ಶಾಂತಿ ಸಮಿತಿಯ ಸಭೆಯಲ್ಲಿ ಪ್ರಶ್ನಿಸಬೇಕು, ದ್ವೇಷ ಭಾಷಣದ ವಿರುದ್ಧ ನ್ಯಾಯಾಲಯದ ಬಾಗಿಲು ತಟ್ಟಬೇಕು, ಬರ ಪರಿಹಾರಕ್ಕಾಗಿ ಕುದಾಪುರದ ಕುರಿಗಾರನ ಜೊತೆ ತಹಶೀಲ್ದಾರರ ಕಚೇರಿಯ ಮುಂದೆ ನಿಲ್ಲಬೇಕು. ಅವನ ಕಷ್ಟಕ್ಕೆ ನಾವು ನಿಲ್ಲದಿದ್ದರೆ ನಮ್ಮ ಕಷ್ಟಕ್ಕೆ ಅವನೇಕೆ ನಿಲ್ಲಬೇಕು? ನೆರೆಯವನನ್ನು ಗಳಿಸಿಕೊಂಡ ಮನೆಗೆ ಕೋವಿ ಬೇಕಾಗುವುದಿಲ್ಲ. ಅವನನ್ನು ಕಳೆದುಕೊಂಡ ಮನೆಯನ್ನು ಯಾವ ಕೋವಿಯೂ ಉಳಿಸಲಾರದು.