ಕವಿಮನೆ ಉಳೀತು ಸರಿ, ತಾಲೂಕಿನ ಉಳಿದ ತೊಟ್ಟಿಮನೆಗಳ ಗತಿ ಏನು?

ತೀರ್ಥಹಳ್ಳಿ: ಕುಪ್ಪಳಿಗೆ ಬರೋ ಪ್ರವಾಸಿಗರು ಮೊದಲು ಕವಿಮನೆ ನೋಡ್ತಾರೆ, ಆಮೇಲೆ ಕವಿಶೈಲ ಹತ್ತುತ್ತಾರೆ, ಫೋಟೋ ತೆಗೆದುಕೊಂಡು ಹೊರಡ್ತಾರೆ. ಆದರೆ ಆ ಮನೆಯ ನಿಜವಾದ ಬೆಲೆ ಎಲ್ಲಿದೆ? ಇದನ್ನ ತಾಲೂಕಿನವರಾದ ನಾವೇ ಕೇಳಿಕೊಳ್ಳಬೇಕು.

2015ರ ನವೆಂಬರ್‌ನಲ್ಲಿ ಕವಿಮನೆಯಲ್ಲಿ ಕಳ್ಳತನವಾಗಿ ಕುವೆಂಪು ಅವರ ಪದ್ಮ ಪ್ರಶಸ್ತಿಯ ಪದಕಗಳು ಹೋದವು. ಇಡೀ ರಾಜ್ಯದಲ್ಲಿ ಸುದ್ದಿಯಾಯ್ತು. ಆದ್ರೂ ಜನ ಬರೋದು ನಿಲ್ಲಲಿಲ್ಲ. 1904ರಲ್ಲಿ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಹುಡುಗ ಬೆಳೆದ ಮನೆ ಹೇಗಿತ್ತು, ಆ ಕಾಡು, ಆ ತೋಟ ಹೇಗಿದ್ದವು ಅಂತ ನೋಡೋಕೆ ಜನ ಬರೋದು.

ಮನೆ ಅಂದ್ರೆ ಬರೀ ಕಂಬ, ಹಂಚು ಅಲ್ಲ

ನಮ್ಮ ಕಡೆ ತೊಟ್ಟಿಮನೆಗೆ ಒಂದು ಲೆಕ್ಕಾಚಾರ ಇದೆ. ಗುಡ್ಡದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆ ಗೊಬ್ಬರ ತೋಟಕ್ಕೆ, ತೋಟದ ಅಡಿಕೆ ಅಂಗಳಕ್ಕೆ. ಸುಲಿದು, ಬೇಯಿಸಿ, ಒಣಗಿಸೋಕೆ ಜಾಗ ಬೇಕು ಅಂತಲೇ ಅಂಗಳ ಅಷ್ಟು ದೊಡ್ಡದು. ಆಗುಂಬೆ ಸೀಮೆಯ ಮಳೆ ತಡೆಯೋಕೆ ಇಳಿಜಾರು ಮಾಡು, ಗಾಳಿ ಬೆಳಕಿಗೆ ನಡುವೆ ತೊಟ್ಟಿ. ಕಾಡು, ತೋಟ, ಗದ್ದೆ ತೆಗೆದುಬಿಟ್ಟರೆ ಮನೆ ಯಾಕೆ ಹಾಗಿದೆ ಅಂತಲೇ ಗೊತ್ತಾಗಲ್ಲ.

ಘಾಟಿ ಇಳಿದರೆ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನ ಬಿಚ್ಚಿ ತಂದು ಮತ್ತೆ ಜೋಡಿಸಿ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಮಾಡಿದ್ದಾರೆ. ದೊಡ್ಡ ಕೆಲಸ. ಇಲ್ಲದಿದ್ರೆ ಆ ಮನೆಗಳು ಸೌದೆ ಆಗ್ತಿದ್ದವು. ಆದರೆ ಅಲ್ಲಿಗೆ ಮನೆ ಬಂತು, ಗದ್ದೆ ಬರಲಿಲ್ಲ. ಕುಪ್ಪಳಿಯ ಹೆಚ್ಚುಗಾರಿಕೆ ಇಲ್ಲೇ ಇದೆ. ಮನೆ ತನ್ನ ಜಾಗದಲ್ಲೇ, ಕಾಡಿನ ಪಕ್ಕದಲ್ಲೇ ನಿಂತಿದೆ.

ಕಾನೂನು ಎಷ್ಟು ದೂರ ಬರುತ್ತೆ?

ಕುಪ್ಪಳಿ ನೋಡಿಕೊಳ್ಳೋಕೆ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಇದೆ. ಉಳಿದ ಮನೆಗಳಿಗೆ ಯಾರಿದ್ದಾರೆ? ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಆದ್ರೆ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಕೋಟೆ, ದೇವಸ್ಥಾನಕ್ಕೆ ಈ ಅಳತೆ ಸರಿ. ಜನ ಬಾಳ್ವೆ ಮಾಡೋ ಮನೆಗೆ, ವರ್ಷವರ್ಷ ಕೆಲಸ ನಡೆಯೋ ತೋಟಕ್ಕೆ ಇದು ಹೊಂದಲ್ಲ.

ಮನೆಯವರ ಕಷ್ಟವೂ ಸುಳ್ಳಲ್ಲ. ಹಿಸ್ಸೆ ಆಗಿದೆ, ಮಕ್ಕಳು ಬೆಂಗಳೂರಲ್ಲಿ, ಹಂಚು ಕೈಯಾಡಿಸೋಕೆ ಆಳಿಲ್ಲ. ಮೇಲಿಂದ ಅಡಿಕೆಗೆ ಎಲೆಚುಕ್ಕೆ ರೋಗ. ಗೆದ್ದಲು ಹಿಡಿದ ಮನೆ ಕೆಡವಿ ಆರ್‌ಸಿಸಿ ಕಟ್ಟಿದರೆ ತಪ್ಪು ಅನ್ನೋಕೆ ನಮಗೇನು ಹಕ್ಕು? ಖರ್ಚು ಅವರದ್ದು, ಹೆಮ್ಮೆ ಮಾತ್ರ ಊರಿಗೆಲ್ಲ ಅಂದ್ರೆ ಯಾವ ನ್ಯಾಯ?

ಇನ್ನೊಂದು ಮಾತು. ಈ ಮನೆಗಳು ನಿಂತಿದ್ದು ಗೌಡರ ಹೆಸರಿಂದ ಮಾತ್ರ ಅಲ್ಲ. 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಗುತ್ತಿ, ಐತ, ಪೀಂಚಲು ಗೊತ್ತು. ಜೀತದ ಆಳುಗಳ ಬೆವರಿಲ್ಲದೆ ಯಾವ ತೊಟ್ಟಿಮನೆಯೂ ಎದ್ದಿಲ್ಲ. ಪರಂಪರೆ ಅಂತ ಉಳಿಸೋದಾದ್ರೆ ಉಪ್ಪರಿಗೆಯ ಜತೆ ಬಿಡಾರದ ಕಥೆಯೂ ಉಳೀಬೇಕು.

ಏನು ಮಾಡಬಹುದು?

ಮೊದಲಿಗೆ ಪ್ರತಿ ಗ್ರಾಮ ಪಂಚಾಯ್ತಿ ತನ್ನ ವ್ಯಾಪ್ತಿಯ ಹಳೇ ಮನೆಗಳ ಪಟ್ಟಿ ಮಾಡಲಿ, ಕೆಡವೋ ಮುಂಚೆ ಫೋಟೋ, ಅಳತೆ ದಾಖಲಾಗಲಿ. ಇದಕ್ಕೆ ಕೋಟಿ ದುಡ್ಡು ಬೇಕಿಲ್ಲ. ಎರಡನೇದು, ಮನೆ ಉಳಿಸಿಕೊಳ್ಳೋರಿಗೆ ದುರಸ್ತಿಗೆ ಸಹಾಯಧನ ಸಿಗಲಿ. ಮೂರನೇದು ಪೇಟೆಯವರಿಗೆ. ಕುಪ್ಪಳಿಗೆ ಹೋಗೋ ಗಾಡಿ ನಿಮ್ಮ ಹೋಟೆಲ್, ಅಂಗಡಿ, ಬಂಕ್ ಮುಂದೆ ನಿಲ್ಲುತ್ತೆ. ಹಳ್ಳಿಯ ಹಳೇ ಮನೆಗಳು ಹೋದ್ರೆ ಆ ಗಾಡಿ ಒಂದು ಮನೆ ನೋಡಿ ವಾಪಸ್ ಹೋಗುತ್ತೆ. ಉಳಿದ್ರೆ ಒಂದು ದಿನ ಜಾಸ್ತಿ ನಿಲ್ಲುತ್ತೆ. ಹಾಗಾಗಿ ಈ ವಿಷಯ ಮುಂದಿನ ಗ್ರಾಮಸಭೆಯಲ್ಲಿ ಎತ್ತೋದು ಸಾಹಿತಿಗಳ ಕೆಲಸ ಮಾತ್ರ ಅಲ್ಲ, ವ್ಯಾಪಾರಸ್ಥರದ್ದೂ ಹೌದು.