ಆಚರಣೆಯ ಅರಿವು ಮತ್ತು ಅಂಕದ ಅಳತೆ

ಪದವಿ ಪಠ್ಯಕ್ರಮಗಳಲ್ಲಿ 'ಕಲಿಕೆಯ ಫಲಿತಗಳು' ಎಂಬ ಪಟ್ಟಿ ಈಗ ರೂಢಿಯಾಗಿದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ ಕರ್ನಾಟಕದ ಪದವಿ ಶಿಕ್ಷಣ ಬದಲಾದಾಗ ಈ ಪಟ್ಟಿಗೆ ವಿಶೇಷ ಮಹತ್ವ ದೊರೆಯಿತು. 100 ಅಂಕಗಳಲ್ಲಿ 40 ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾದವು. 2024ರಲ್ಲಿ ರಾಜ್ಯವು ಮೂರು ವರ್ಷಗಳ ಪದವಿಗೆ ಮರಳಿದ ಮೇಲೂ ಪಟ್ಟಿ ಉಳಿದುಕೊಂಡಿದೆ. ಆದರೆ ಗುರಿಯೆಂದು ಬರೆದುದನ್ನೇ ಪರೀಕ್ಷೆ ಅಳೆಯುತ್ತಿದೆಯೇ ಎಂಬ ಪ್ರಶ್ನೆ ಚರ್ಚೆಗೆ ಬಂದುದು ಕಡಿಮೆ. ಏಷ್ಯಾದ ಸಾಂಸ್ಕೃತಿಕ ಆಚರಣೆಗಳನ್ನು ಕುರಿತ ಪತ್ರಿಕೆಯೊಂದನ್ನು ಕನ್ನಡ ವಿಭಾಗ ರೂಪಿಸಹೊರಟರೆ ಈ ಪ್ರಶ್ನೆಯಿಂದ ಪಾರಾಗಲು ಸಾಧ್ಯವಿಲ್ಲ.

ಇಂಥ ಪತ್ರಿಕೆಯ ಗುರಿ ಸಾಮಾನ್ಯವಾಗಿ 'ಅನ್ಯ ಸಂಸ್ಕೃತಿಗಳನ್ನು ಅರಿತು ಗೌರವಿಸುವುದು' ಎಂದಿರುತ್ತದೆ. ಪ್ರಶ್ನೆಪತ್ರಿಕೆಯಾದರೋ 'ಟಿಪ್ಪಣಿ ಬರೆಯಿರಿ' ಎನ್ನುತ್ತದೆ. ಗುರಿ ಮನೋಧರ್ಮದ್ದು, ಅಳತೆ ನೆನಪಿನದು. ಹಾಗೆಂದು ಗೌರವಕ್ಕೇ ಅಂಕವಿಡಲು ಹೊರಟರೆ ವಿದ್ಯಾರ್ಥಿಗಳು ಗೌರವವನ್ನು ನಟಿಸಲು ಕಲಿತಾರು. ಆದ್ದರಿಂದ ಗುರಿಯನ್ನೇ ಅಳೆಯಬಹುದಾದ ಕ್ರಿಯೆಗಳ ರೂಪದಲ್ಲಿ ಹೇಳುವುದು ಅವಶ್ಯ: ಕೇಳುವುದು, ದಾಖಲಿಸುವುದು, ಹೋಲಿಸುವುದು, ಹೋಲಿಕೆಯ ಮಿತಿಯನ್ನು ಗುರುತಿಸುವುದು.

ಮೊಹರಂ ಇದಕ್ಕೆ ತಕ್ಕ ನಿದರ್ಶನ. ಕ್ರಿ.ಶ. 680ರ ಕರ್ಬಲಾ ಪ್ರಸಂಗದ ಸ್ಮರಣೆ ಇರಾನಿನಲ್ಲಿ ತಾಜಿಯೆ ಎಂಬ ನಾಟಕರೂಪ ತಾಳಿತು. ಅದು 2010ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಅದೇ ಸ್ಮರಣೆ ಉತ್ತರ ಕರ್ನಾಟಕದಲ್ಲಿ ಕನ್ನಡದ ರಿವಾಯತ ಪದಗಳಾಗಿ, ಹೆಜ್ಜೆಮೇಳವಾಗಿ ಬೆಳೆದಿದೆ. ಮುಸ್ಲಿಮರಿಲ್ಲದ ಕೆಲವು ಹಳ್ಳಿಗಳಲ್ಲೂ ಪಂಜಾಗಳನ್ನು ಕೂರಿಸುತ್ತಾರೆ. ಇರಾನಿನ ಶೋಕನಾಟಕವೂ ಇಲ್ಲಿನ ಹರಕೆಯ ಹಬ್ಬವೂ ಒಂದೇ ಎಂದು ಬರೆಯುವ ಉತ್ತರ ಅಪೂರ್ಣ. ಎರಡಕ್ಕೂ ಸಂಬಂಧವೇ ಇಲ್ಲವೆನ್ನುವುದೂ ಅಷ್ಟೇ ಅಪೂರ್ಣ. ಈ ನಡುವಣ ನೆಲೆಯನ್ನು ವಿದ್ಯಾರ್ಥಿ ಹೇಗೆ ವಿವರಿಸುತ್ತಾನೆ ಎಂಬುದು ಪರೀಕ್ಷಿಸಲು ಯೋಗ್ಯವಾದ ಸಂಗತಿ.

ಇಲ್ಲಿ ಇನ್ನೊಂದು ತೊಡಕಿದೆ. ಕಲಘಟಗಿ ತಾಲೂಕಿನ ತಂಬೂರದಂಥ ಹಳ್ಳಿಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿನಿಗೆ ಏಷ್ಯಾ ಎಂಬುದು ನಕಾಶೆಯ ಮಾತಾಗಬೇಕಿಲ್ಲ. ಅದು ಅವಳ ಓಣಿಯಿಂದಲೇ ಆರಂಭವಾಗಬಹುದು. ಆದರೆ ಭಾದ್ರಪದದಲ್ಲಿ ಜೋಕುಮಾರನ ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಮನೆತನದ ಹುಡುಗಿಯೊಬ್ಬಳು ತರಗತಿಯಲ್ಲಿದ್ದರೆ ಅವಳನ್ನು ವಿದ್ಯಾರ್ಥಿನಿಯೆಂದು ಕಾಣಬೇಕೋ, ವಕ್ತೃವೆಂದು ಕಾಣಬೇಕೋ? 'ನಿಮ್ಮ ಮನೆಯ ಆಚರಣೆಯನ್ನು ವಿವರಿಸಿ' ಎಂಬ ನಿರುಪದ್ರವಿ ಪ್ರಶ್ನೆ ಅವಳ ಜಾತಿಯನ್ನು ಎಲ್ಲರೆದುರು ಹೇಳಿಸುವ ಪ್ರಶ್ನೆಯೂ ಆಗಬಲ್ಲದು. ಹುಟ್ಟಿನಿಂದ ಬಂದ ತಿಳಿವಿಗೆ ಅಂಕ ಕೊಡುವುದು, ಅದಿಲ್ಲದವರಿಗೆ ಅಂಕ ಕಳೆಯುವುದು ಎರಡೂ ಅನ್ಯಾಯ. ಸ್ವಂತ ಮನೆಯ ಆಚರಣೆಯನ್ನು ಆಯ್ದುಕೊಳ್ಳುವುದು ವಿದ್ಯಾರ್ಥಿಯ ಹಕ್ಕಾಗಿರಬೇಕು, ಎಂದೂ ಕಡ್ಡಾಯವಾಗಬಾರದು.

ಹೀಗಾಗಿ ಆಂತರಿಕ ಅಂಕಗಳ ಬಹುಪಾಲನ್ನು ಕ್ಷೇತ್ರಕಾರ್ಯದ ಕಿರು ದಾಖಲೆಗೆ ಮೀಸಲಿಡುವುದು ಸೂಕ್ತ. ಯಾರನ್ನು, ಯಾವಾಗ, ಯಾರ ಒಪ್ಪಿಗೆಯಿಂದ ಕೇಳಲಾಯಿತು. ವಕ್ತೃವಿನ ಮಾತು ಯಾವುದು, ಬರೆದವರ ಊಹೆ ಯಾವುದು. ಬರೆದುದನ್ನು ವಕ್ತೃವಿಗೆ ಓದಿ ಹೇಳಿದಾಗ ಬಂದ ತಿದ್ದುಪಡಿ ಏನು ಎಂಬ ಮೂರು ಅಂಶಗಳನ್ನು ಅಳತೆಗೋಲಾಗಿಸಿ, ಅವನ್ನು ಮೊದಲೇ ತಿಳಿಸಬೇಕು. ಅರವತ್ತು ವಿದ್ಯಾರ್ಥಿಗಳಿರುವ ತರಗತಿಯಲ್ಲಿ ಇದು ಅಧ್ಯಾಪಕರಿಗೆ ಹೊರೆಯಾಗುತ್ತದೆ, ಪಕ್ಷಪಾತಕ್ಕೆ ಎಡೆಮಾಡುತ್ತದೆ ಎಂಬ ಆಕ್ಷೇಪ ಸಾಧುವಾದುದೇ. ದಾಖಲೆಯನ್ನು ಎರಡು ಪುಟಗಳಿಗೆ ಮಿತಿಗೊಳಿಸುವುದು, ಇಬ್ಬರು ಅಧ್ಯಾಪಕರು ನೋಡುವುದು ಇದಕ್ಕೆ ಭಾಗಶಃ ಪರಿಹಾರ.

ನಂಬಿಕೆ, ಜಾತಿ, ಭಕ್ತಿ ಇವು ಮೌಲ್ಯಮಾಪನದ ವಸ್ತುಗಳಲ್ಲ. ಅನ್ಯರ ಮಾತನ್ನು ಕೆಡಿಸದೆ ಕೇಳಿ, ಕೆಡಿಸದೆ ಬರೆಯುವ ಶಿಸ್ತು ಮಾತ್ರ ಅಂಕಕ್ಕೆ ಅರ್ಹ. ಪಠ್ಯಕ್ರಮ ಹೇಳುವ ಗೌರವ ಹುಟ್ಟುವುದಾದರೆ ಆ ಶಿಸ್ತಿನಿಂದಲೇ ಹುಟ್ಟಬೇಕು.